ಏಣೇಲು ಬಿಟ್ಟುಹೋದ ತೇವ

ಆಕೆ ಬಗ್ಗಿ ಗದ್ದೆಯಿಂದ ಒಂದು ಹಿಡಿ ಮಣ್ಣೆತ್ತಿ ಮುಷ್ಟಿ ಬಿಗಿದರು. ಬೆರಳು ಬಿಡಿಸಿದಾಗ ಮಣ್ಣು ಉಂಡೆಯಾಗಿ ಅಂಗೈಯಲ್ಲಿ ಕೂತಿತ್ತು; ಅದರ ಮೈಮೇಲೆ ನಾಲ್ಕು ಬೆರಳಿನ ಗುರುತು. ಸೊಂಟದೆತ್ತರದಿಂದ ಕೈಬಿಟ್ಟರು. ಉಂಡೆ ಕೆಳಗೆ ಬಿದ್ದು ಮೂರು ಹೋಳಾಯಿತು, ಅದರಲ್ಲೊಂದು ಪುಡಿಯಾಯಿತು. "ಇವತ್ತೇ ಬಿತ್ತಬೇಕು. ನಾಳೆಗೆ ಇಡ್ಲಿಕ್ಕೆ ಆಗುವುದಿಲ್ಲ," ಎಂದು ಮಗನ ಕಡೆ ನೋಡಿದರು. ಮಗ ಟಿಲ್ಲರ್ ತರಲು ಗದ್ದೆಯಂಚಿನ ಪುಣಿಯ ಮೇಲೆ ಬಿರಬಿರನೆ ನಡೆದ.

ಶಿರ್ತಾಡಿಯ ಒಂದು ಬೈಲುಗದ್ದೆಯಲ್ಲಿ, ಡಿಸೆಂಬರ್ ಮೊದಲ ವಾರದ ಬೆಳಗ್ಗೆ ನಾನು ಕಂಡ ಮೊದಲ ದೃಶ್ಯ ಇದು. ಬಿಸಿಲು ಇನ್ನೂ ಗದ್ದೆಗೆ ಇಳಿದಿರಲಿಲ್ಲ. ಮಳೆಗಾಲದ ಏಣೇಲು ಭತ್ತ ಕೊಯ್ದ ಕೂಳೆಗಳ ಮೇಲೆ ಇಬ್ಬನಿ ಬಿಳಿಯಾಗಿ ಹರಡಿತ್ತು. ಮೂಡಣಕ್ಕೆ ಕುದುರೆಮುಖದ ಸಾಲು ನೀಲಿಯಾಗಿ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದಂತೆ ಕಾಣುತ್ತಿತ್ತು. ನಾನು ಆಕೆ ಬಿಟ್ಟ ಮಣ್ಣಿನ ಹೋಳನ್ನೇ ನೋಡುತ್ತಿದ್ದೆ. ಸಣ್ಣವನಿದ್ದಾಗ ಅಪ್ಪ ನಮ್ಮ ಹೊಲದಲ್ಲಿ ಹೀಗೆಯೇ ಮಾಡುತ್ತಿದ್ದ. ಆ ಮಣ್ಣು ಕಪ್ಪು, ಈ ಮಣ್ಣು ಕೆಂಪು. ಪರೀಕ್ಷೆ ಒಂದೇ.

ನಮ್ಮ ಹೊಲ ಧಾರವಾಡದಿಂದ ಅಮ್ಮಿನಬಾವಿ ಕಡೆಗೆ ಹೋಗುವ ದಾರಿಯ ಎರಿಭೂಮಿ. ಮೊದಲು ಅಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಗೋಧಿ ಅಥವಾ ಕಡಲೆ. ಸೋಯಾ ಬಂದ ಮೇಲೆ ಹೆಸರು ಹಿಂದೆ ಸರಿಯಿತು. ಜೂನ್‌ನಲ್ಲಿ ಬಿತ್ತಿದ ಜೆ.ಎಸ್. 335 ಸೋಯಾ ತೊಂಬತ್ತೈದು ದಿನಕ್ಕೆ ಎಲೆ ಉದುರಿಸಿ ಬರೀ ಕಾಯಿ ಹೊತ್ತು ನಿಲ್ಲುತ್ತದೆ. ಅದನ್ನು ಕಿತ್ತು ರಾಶಿ ಮಾಡಿ, ಒಮ್ಮೆ ಹರಗಿ, ಅಕ್ಟೋಬರ್‌ನ ಹಸಿಯಲ್ಲಿ ಗೋಧಿ ಕೂರಿಗೆ ಹೂಡಬೇಕು. ಹಸಿ ಅಂದರೆ ನಮ್ಮ ಕಡೆ ನೆಲದೊಳಗೆ ಉಳಿದ ನೀರು. ಮೇಲಿಂದ ಮಳೆ ಬರಲಿ ಬಿಡಲಿ, ಹಿಂಗಾರಿ ಬೆಳೆ ಬದುಕುವುದು ಮುಂಗಾರಿ ಬೆಳೆ ಕುಡಿಯದೆ ಬಿಟ್ಟ ಆ ಹಸಿಯ ಮೇಲೆ. ಬಿಜಗಾ ಯೆಲ್ಲೋ ಅನ್ನುವ ಹಳೆಯ ಗೋಧಿ ತಳಿ ಹೆಸರು ಮಾಡಿದ್ದೇ ಬರೀ ಹಸಿಯಲ್ಲಿ ತೆನೆ ತುಂಬುವ ತಾಳಿಕೆಯಿಂದ.

ಒಂದು ವರ್ಷ ಸೋಯಾ ಕೊಯ್ಯುವ ಯಂತ್ರಕ್ಕಾಗಿ ಹನ್ನೆರಡು ದಿನ ಕಾದೆವು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಫೋನಿನಲ್ಲೇ ದಿನ ಕಳೆಯಿತು. ಆ ಹನ್ನೆರಡು ದಿನವೂ ಮೂಡಗಾಳಿ ಬೀಸಿತು. ಕೂರಿಗೆ ಹೂಡುವ ಹೊತ್ತಿಗೆ ಕುಡ ಎಷ್ಟು ಊರಿದರೂ ಒಣ ಮಣ್ಣೇ ಮೇಲೆ ಬಂತು. ಗೋಧಿ ಅಲ್ಲೊಂದು ಇಲ್ಲೊಂದು ಹುಟ್ಟಿತು. ಅಪ್ಪ ಬದುವಿನ ಮೇಲೆ ಕೂತು "ಹಸಿ ಹಾರಿತು" ಅಂದ, ಮತ್ತೇನೂ ಅನ್ನಲಿಲ್ಲ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ವಿಷಯ ಕೂತಿದೆ: ಒಂದು ಬೆಳೆ ತೆಗೆದು ಇನ್ನೊಂದು ಬಿತ್ತುವ ನಡುವಿನ ದಿನಗಳು. ಎಲ್ಲಿಗೆ ಹೋದರೂ ರೈತರನ್ನು ನಾನು ಕೇಳುವುದು ಅದನ್ನೇ. ನಿಮ್ಮಲ್ಲಿ ಎಷ್ಟು ದಿನ ಸಿಗುತ್ತದೆ? ಆ ದಿನಗಳಲ್ಲಿ ಏನು ಮಾಡುತ್ತೀರಿ?

ಕೃಷಿ ಕಾಲೇಜಿನಲ್ಲಿ ನನ್ನ ಜೊತೆ ಓದಿದವನ ಊರು ಶಿರ್ತಾಡಿ. ಧಾರವಾಡದಲ್ಲಿ ನಾಲ್ಕು ವರ್ಷ ಜೋಳದ ರೊಟ್ಟಿ ತಿಂದವನು ಈಗ ಊರಲ್ಲೇ ಇದ್ದಾನೆ, ತಾಯಿಯ ಜೊತೆ; ಮಣ್ಣಿನುಂಡೆ ಬಿಟ್ಟು ನೋಡಿದ್ದು ಆ ತಾಯಿಯೇ. "ನಮ್ಮಲ್ಲಿ ಗೋಧಿ ಇಲ್ಲ, ಸೋಯಾ ಇಲ್ಲ. ಆದರೆ ನಿನ್ನ ಹಸಿಯ ಕಥೆ ಉಂಟು, ಬಾ," ಎಂದಿದ್ದ. ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿ, ನಸುಕಿನಲ್ಲಿ ಪಡುಬಿದ್ರಿಯಲ್ಲಿ ಇಳಿದು, ಕಾರ್ಕಳದ ಮೇಲೆ ಮೂಡುಬಿದಿರೆಗೆ ಬಂದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ಈ ಸಲ ಹೊರಗಿನಿಂದಲೇ ನೋಡಿ ನಾರಾವಿ ಕಡೆಯ ಬಸ್ಸು ಹಿಡಿದೆ. ಶಿರ್ತಾಡಿ ಮೊದಲು ಮಂಗಳೂರು ತಾಲೂಕಿನ ಮೂಡಣ ತುದಿ, ಈಗ ಮೂಡುಬಿದಿರೆ ತಾಲೂಕು. ಬೆಳ್ತಂಗಡಿಯ ಗಡಿ ಇಲ್ಲಿಂದ ದೂರವಿಲ್ಲ. ಬಸ್ಸಿನ ಕಿಟಕಿಯಿಂದ ಕಂಡದ್ದು ರಬ್ಬರು, ಅಡಿಕೆ, ಅಡಿಕೆಯ ನಡುವೆ ಬಾಳೆ, ನಡುನಡುವೆ ಒಂದೊಂದು ತುಂಡು ಗದ್ದೆ. ಎರಿಭೂಮಿಯವನಿಗೆ ಕಣ್ಣು ಅಡ್ಡಗಟ್ಟಿದಂತಾಗುತ್ತದೆ. ನಮ್ಮಲ್ಲಿ ನೋಟ ಹೋದಲ್ಲಿ ಹೊಲ, ಇಲ್ಲಿ ಹತ್ತು ಮಾರಿಗೊಂದು ತಿರುವು.

ಇಲ್ಲಿ ಗೋಧಿ ಯಾಕಿಲ್ಲ ಎಂದು ಕೇಳುವವರಿಗೆ ಮಣ್ಣೂ ಗಾಳಿಯೂ ಉತ್ತರ ಹೇಳುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಧಾರವಾಡದಲ್ಲಿ ಐದು ವರ್ಷಕ್ಕೆ ಬೀಳುವಷ್ಟು ನೀರು ಇಲ್ಲಿ ಒಂದೇ ವರ್ಷಕ್ಕೆ ಬೀಳುತ್ತದೆ. ಆ ನೀರು ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಕಡಲಿಗೆ ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಸಿ, ಮುರಕಲ್ಲಿನ ಹುಳಿ ಮಣ್ಣು ಮಾಡಿದೆ. ಚಳಿಗಾಲವೂ ಗೋಧಿಗೆ ಬೇಕಾದಷ್ಟು ತಣ್ಣಗಿಲ್ಲ. ಆದರೆ ಎರಡನೇ ಬೆಳೆಯ ಲೆಕ್ಕ ಇಲ್ಲಿ ನಮ್ಮದಕ್ಕಿಂತ ಹಳೆಯದು. ತುಳುವರು ಗದ್ದೆಯನ್ನು ಮೂರಾಗಿ ವಿಂಗಡಿಸಿದ್ದಾರೆ. ಕೆಳಗಿನ ಬೈಲು, ನಡುವಿನ ಮಜಲು, ಮೇಲಿನ ಬೆಟ್ಟು. ಬೆಳೆಯೂ ಮೂರು: ಮಳೆಗಾಲದ ಏಣೇಲು, ಅದರ ಹಿಂದೆ ಸುಗ್ಗಿ, ಬೇಸಿಗೆಗೆ ಕೊಳಕೆ. ಬೆಟ್ಟುಗದ್ದೆ ಒಂದೇ ಬೆಳೆ ಕೊಡುತ್ತದೆ, ಮಜಲು ಎರಡು, ನೀರು ನಿಲ್ಲುವ ಬೈಲು ಮೂರೂ ಕೊಡಬಲ್ಲದು. ಯಾವ ಗದ್ದೆ ಎಷ್ಟು ದಿನ ತೇವ ಹಿಡಿಯುತ್ತದೆ ಎಂಬುದರ ಮೇಲೆಯೇ ಈ ಹೆಸರುಗಳು ನಿಂತಿವೆ. ಮಣ್ಣಿನ ನಕ್ಷೆಯನ್ನು ಮಾತಿನಲ್ಲೇ ಇಟ್ಟುಕೊಂಡವರು ಇವರು.

ನೀರು ಸಾಲುವ ಕಡೆ ಸುಗ್ಗಿಗೂ ಭತ್ತವೇ. ತೋಡಿಗೆ ಮಣ್ಣು ಕಲ್ಲಿನ ಕಟ್ಟ ಹಾಕಿ, ಈಗ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿ, ನೀರು ನಿಲ್ಲಿಸಿ ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಾರೆ. ನೀರು ಸಾಲದ ಕಡೆ ಉದ್ದು, ಹೆಸರು, ಅಲಸಂಡೆ, ಹುರುಳಿ. ನನ್ನ ಗೆಳೆಯನ ಮನೆಯವರದು ಉದ್ದು. ತುಳುವಿನಲ್ಲಿ ಅದು ಉರ್ದು.

ಟಿಲ್ಲರ್ ಬರುವವರೆಗೆ ಆಕೆ ನನ್ನನ್ನು ಮೇಲಿನ ಮಜಲಿಗೆ ಕರೆದೊಯ್ದರು. ಅಲ್ಲಿ ಭತ್ತ ಮೊದಲು ಕೊಯ್ಲಿಗೆ ಬಂದಿತ್ತು, ನವೆಂಬರ್ ಮೊದಲ ವಾರವೇ ಉದ್ದು ಬಿತ್ತಿದ್ದರು. ಮೂವತ್ತು ದಿನದ ಗಿಡ, ಗೇಣುದ್ದ, ಕಡು ಹಸಿರು. ಒಂದು ಗಿಡ ಸಡಿಲಿಸಿ ಕಿತ್ತು ತೋಡಿನ ನೀರಲ್ಲಿ ಅಲುಗಿಸಿದರು. ಕೆಂಪು ಮಣ್ಣು ಬಿಟ್ಟು ಬೇರು ಬಿಳಿಯಾಯಿತು. ಬೇರಿನ ಮೇಲೆ ಸಾಸಿವೆಗಿಂತ ದೊಡ್ಡ, ಕಡಲೆಗಿಂತ ಸಣ್ಣ ಗಂಟುಗಳು, ತಾಯಿಬೇರಿನ ಹತ್ತಿರ ಗೊಂಚಲಾಗಿ. ನಾನು ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ನಸುಗೆಂಪು, ಗಾಯವಾಗುವ ಮೊದಲು ಚರ್ಮದಡಿ ಕಾಣುವ ರಕ್ತದ ಬಣ್ಣ. ಆಕೆ ಅದನ್ನು ಮೊದಲ ಸಲ ನೋಡಿದ್ದು. ಇನ್ನೊಂದನ್ನು ತಾವೇ ಸೀಳಿ ಕಣ್ಣಿನ ಹತ್ತಿರ ಹಿಡಿದರು. "ಗಿಡಕ್ಕೆ ನೆತ್ತರು ಉಂಟಲ್ಲ ಮಾರಾಯ್ರೆ!" ಎಂದರು.

ಆ ಮಾತು ಸುಳ್ಳಲ್ಲ. ಗಂಟಿನೊಳಗೆ ರೈಜೋಬಿಯಂ ಅನ್ನುವ ಜೀವಾಣು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಆ ಕೆಲಸಕ್ಕೆ ಆಮ್ಲಜನಕ ಹೆಚ್ಚೂ ಆಗಬಾರದು ಕಡಿಮೆಯೂ ಆಗಬಾರದು. ಅದನ್ನು ಅಳೆದು ಒದಗಿಸುವುದು ಲೆಗ್‌ಹಿಮೋಗ್ಲೋಬಿನ್ ಅನ್ನುವ, ನಮ್ಮ ರಕ್ತದಲ್ಲಿರುವಂಥದೇ ಕಬ್ಬಿಣದ ಅಂಶದ ವಸ್ತು. ಕೆಂಪಾಗಿದ್ದರೆ ಗಂಟು ದುಡಿಯುತ್ತಿದೆ ಎಂದರ್ಥ. ಬೆಳ್ಳಗೋ ಹಸಿರಾಗೋ ಇದ್ದರೆ ಸುಮ್ಮನೆ ಕೂತಿದೆ. ನಾಲ್ಕು ತಿಂಗಳು ನೀರು ನಿಂತ ಭತ್ತದ ಗದ್ದೆಯಲ್ಲಿ ಈ ಜೀವಾಣು ಕಡಿಮೆಯಾಗಿರುತ್ತದೆ. ಹಾಗಾಗಿಯೇ ಭತ್ತದ ಹಿಂದೆ ಬೇಳೆಕಾಳು ಬಿತ್ತುವವರು ಬೀಜಕ್ಕೆ ರೈಜೋಬಿಯಂ ಲೇಪಿಸುವುದನ್ನು ತಪ್ಪಿಸಬಾರದು. ಹತ್ತು ಕಿಲೋ ಬೀಜಕ್ಕೆ 200 ಗ್ರಾಂ ಪುಡಿ, ಆರಿದ ಬೆಲ್ಲದ ಪಾಕದಲ್ಲಿ ಕಲಸಿ, ನೆರಳಲ್ಲಿ ಒಣಗಿಸಿ, ಅವತ್ತೇ ಬಿತ್ತಬೇಕು. ಬಿಸಿಲು ತಾಗಿದರೆ ಸತ್ತಿತು. ನಾನು ಎಲ್ಲಿ ಹೋದರೂ ಹೇಳುವ ಮಾತು ಇದು. ಒಂದು ಚಹಾದ ಖರ್ಚಿನಲ್ಲಿ ಯೂರಿಯಾ ಉಳಿಯುತ್ತದೆ.

ನಾನು ಹುಳಿ ಮಣ್ಣಿನ ಸಂಗತಿ ಎತ್ತಿದೆ. ಇಂಥ ಮಣ್ಣಲ್ಲಿ ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಸಿಗಗೊಡುವುದಿಲ್ಲ. ಗಂಟು ಕಟ್ಟಲು ಬೇಕಾದ ಮಾಲಿಬ್ಡಿನಂ ಕೂಡ ಹುಳಿಯಲ್ಲಿ ಅಡಗಿಬಿಡುತ್ತದೆ. ಸುಣ್ಣ ಹಾಕುತ್ತೀರಾ ಎಂದೆ. ಆಕೆ ಗದ್ದೆಯ ಮೂಲೆಯಲ್ಲಿದ್ದ ಕಪ್ಪು ಗುಡ್ಡೆ ತೋರಿಸಿದರು. ಸುಡುಮಣ್ಣು. ಒಣ ಸೊಪ್ಪು, ತರಗೆಲೆ, ಕಸಕಡ್ಡಿ ಪೇರಿಸಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು ನಿಧಾನಕ್ಕೆ ಬೇಯಿಸಿದ ಮಣ್ಣು. ತಿಂಗಳುಗಟ್ಟಲೆ ಒಟ್ಟು ಮಾಡಿದ ಒಲೆಯ ಬೂದಿಯನ್ನೂ ಅದರಲ್ಲಿ ಕಲಸುತ್ತಾರೆ. ಬೂದಿಗೆ ಹುಳಿ ಮುರಿಯುವ ಗುಣ ಇದೆ, ಜೊತೆಗೆ ಪೊಟ್ಯಾಷ್. ಅವರ ಅತ್ತೆ, ಅತ್ತೆಯ ಅತ್ತೆ ಎಲ್ಲ ಉರ್ದಿನ ಗದ್ದೆಗೆ ಇದನ್ನೇ ಬೀರುತ್ತಿದ್ದರಂತೆ. ಮಣ್ಣುಪರೀಕ್ಷೆ ಮಾಡಿಸಿ ಕೃಷಿ ಸುಣ್ಣವನ್ನೂ ಹಾಕಿ, ಇಡೀ ಗದ್ದೆಗೆ ಬೂದಿ ಸಾಲುವುದಿಲ್ಲ, ಎಂದೆ. ಮಗನೂ ಅದನ್ನೇ ಹೇಳುತ್ತಾನೆ ಎಂದರು.

ಅಷ್ಟರಲ್ಲಿ ಟಿಲ್ಲರ್ ಸದ್ದು ಕೇಳಿಸಿತು.

ಈ ಬೈಲಿನಲ್ಲಿ ಭತ್ತ ಕೊಯ್ದು ಆರು ದಿನವಾಗಿತ್ತು. ಮೊದಲ ಮೂರು ದಿನ ಗದ್ದೆಗೆ ಕಾಲಿಡುವ ಹಾಗಿರಲಿಲ್ಲ, ಮಣ್ಣು ಅಂಟುತ್ತಿತ್ತು. ಹಸಿಯಾಗಿದ್ದಾಗ ಉತ್ತರೆ ಹೆಂಟೆ ಏಳುತ್ತದೆ, ಆ ಹೆಂಟೆ ಒಣಗಿದರೆ ಇಟ್ಟಿಗೆ. ಹದ ಬಂದದ್ದು ಐದನೇ ದಿನ ಸಂಜೆ. ಎಂಟನೇ ದಿನ ದಾಟಿದರೆ ಬಿರುಕು ಬಿಡಲು ಶುರು. ಮಳೆಗಾಲದಲ್ಲಿ ಕೆಸರು ತುಳಿದು ತುಳಿದು ಭತ್ತದ ಗದ್ದೆಯ ಅಡಿಯಲ್ಲಿ ಗಟ್ಟಿ ಪದರ ಬಿದ್ದಿರುತ್ತದೆ; ನೀರು ನಿಲ್ಲಲಿ ಎಂದೇ ಆ ಪದರ ಮಾಡುವುದು. ಅದೇ ಪದರ ಉದ್ದಿನ ಬೇರನ್ನು ತಡೆಯುತ್ತದೆ. ಬೇರು ಕೆಳಗಿಳಿಯಬೇಕಾದರೆ ಮಣ್ಣು ಮೆತ್ತಗಿರುವ ಆ ಎರಡು ಮೂರು ದಿನವೇ ಮೊಳಕೆ ಹೊರಡಬೇಕು. ಆಮೇಲೆ ಬೇರು ಒಣಗುವ ಮಣ್ಣಿನ ಜೊತೆ ಓಟಕ್ಕೆ ನಿಲ್ಲುತ್ತದೆ. ಮೊದಲು ಹೊರಟರೆ ಗೆಲ್ಲುತ್ತದೆ. ಎಂಟನೇ ದಿನ ಹೊರಟ ಬೀಜಕ್ಕೆ ಆ ಓಟ ಇಲ್ಲ.

ಗೆಳೆಯ ಒಂದೇ ಸಲ ಹಗುರಾಗಿ ಉತ್ತ. ಆಕೆ ಮಡಿಲಿಗೆ ಬೀಜ ಸುರಿದುಕೊಂಡು, ಎಡಗೈಯಲ್ಲಿ ಸೆರಗು ಹಿಡಿದು, ಬಲಗೈ ಬೀಸುತ್ತ ನಡೆದರು. ಎಕರೆಗೆ ಹನ್ನೆರಡು ಕಿಲೋ ಲೆಕ್ಕ. ಸಾಲು ಬಿತ್ತನೆಗಿಂತ ಚೆಲ್ಲುವಾಗ ಬೀಜ ಸ್ವಲ್ಪ ಜಾಸ್ತಿ ಬೇಕು. ಬೀಜ ಬಿದ್ದ ಸದ್ದು ಮೊದಲ ಮಳೆಯ ಹನಿ ತರಗೆಲೆ ಮೇಲೆ ಬಿದ್ದಂತೆ ಕೇಳುತ್ತಿತ್ತು. ಹಿಂದಿನಿಂದ ಮಗ ಹಲಗೆ ಎಳೆದು ಮುಚ್ಚಿದ. ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು. ಇನ್ನು ನೀರಿಲ್ಲ, ಉಳುಮೆ ಇಲ್ಲ. ಎಪ್ಪತ್ತು ಎಪ್ಪತ್ತೈದು ದಿನ ಏಣೇಲು ಬಿಟ್ಟುಹೋದ ತೇವದ ಮೇಲೆ, ಮುಂಜಾನೆಯ ಇಬ್ಬನಿಯ ತಂಪಿನಲ್ಲಿ ಅದು ಬೆಳೆಯಬೇಕು.

ಮಧ್ಯಾಹ್ನ ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಸಳೆ, ಉಪ್ಪಿನಲ್ಲಿಟ್ಟ ಮಾವು. ಊಟವಾದ ಮೇಲೆ ಚಾವಡಿಯಲ್ಲಿ ಕೂತು ಗೆಳೆಯನೂ ನಾನೂ ಲೆಕ್ಕ ಹಾಕಿದೆವು. ಅವರ ಏಣೇಲಿಗೆ ಎಂ.ಒ.4, ಕೇರಳದ ಮಂಕೊಂಬಿನಲ್ಲಿ ತಯಾರಾಗಿ ದಕ್ಷಿಣ ಕನ್ನಡದ ಗದ್ದೆಗಳನ್ನೆಲ್ಲ ತುಂಬಿದ ಕೆಂಪಕ್ಕಿಯ ತಳಿ. ಅವಧಿ ನೂರಮೂವತ್ತು ದಿನದ ಮೇಲೆ. ಜೂನ್‌ನಲ್ಲಿ ಮಳೆ ತಡವಾಗಿ ನೇಜಿ ತಡವಾದರೆ ಕೊಯ್ಲು ನವೆಂಬರ್ ಕೊನೆಗೆ ಹೋಗುತ್ತದೆ. ಅವನ ಬೈಲಿನಲ್ಲಿ ಈ ಸಲ ಆದದ್ದೂ ಅದೇ. ಹದಿನೈದು ದಿನ ಮೊದಲು ಬರುವ ಜ್ಯೋತಿಯಂಥ ತಳಿ ಹಾಕಿದ್ದರೆ ಉದ್ದು ನವೆಂಬರ್ ಮಧ್ಯಕ್ಕೇ ನೆಲ ಸೇರುತ್ತಿತ್ತು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಕೊಟ್ಟ ಸಹ್ಯಾದ್ರಿ ಪಂಚಮುಖಿಯನ್ನು ನೆರೆ ಬರುವ ತಗ್ಗಿನಲ್ಲಿ ಒಮ್ಮೆ ನೋಡುವ ಯೋಚನೆ ಅವನಿಗಿದೆ. ತಳಿ ಯಾವುದೇ ಇರಲಿ, ಒಂದು ಸಂಗತಿ ನನಗೆ ಅವತ್ತು ಖಚಿತವಾಯಿತು. ಎರಡನೇ ಬೆಳೆಯ ತೀರ್ಮಾನ ಆಗುವುದು ನವೆಂಬರ್‌ನಲ್ಲಲ್ಲ, ಜೂನ್‌ನಲ್ಲಿ. ಮೊದಲ ಬೆಳೆಯ ಬೀಜ ಆರಿಸುವ ದಿನ. ನಮ್ಮ ಎರಿಭೂಮಿಯಲ್ಲೂ ಹಾಗೆಯೇ. ಗೋಧಿ ಕೆಟ್ಟಿತು ಎಂದು ಅಕ್ಟೋಬರ್‌ನಲ್ಲಿ ಅಳುವ ನಾವು, ಜೂನ್‌ನಲ್ಲಿ ಹತ್ತು ದಿನ ಬೇಗ ಬರುವ ಸೋಯಾ ತಳಿ ಹುಡುಕಿದ್ದೇವೆಯೇ?

ಅಮೆರಿಕದ ಕೆಂಟಕಿಯ ರೈತರು ಈ ಲೆಕ್ಕವನ್ನು ತಲೆಕೆಳಗಾಗಿ ಮಾಡುತ್ತಾರೆ. ಅಲ್ಲಿ ಗೋಧಿ ಅಕ್ಟೋಬರ್‌ನಲ್ಲಿ ಬಿತ್ತಿ, ಹಿಮದ ಚಳಿ ಉಂಡು, ಜೂನ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಆ ಗೋಧಿಗೆ ಕೆಲವು ವಾರದ ಕೊರೆಯುವ ಚಳಿ ಸಿಗದಿದ್ದರೆ ತೆನೆಯೇ ಬಿಡುವುದಿಲ್ಲ. ನಮ್ಮ ಧಾರವಾಡದ ಗೋಧಿಗೆ ಆ ಹಂಗಿಲ್ಲ. ಕೆಂಟಕಿಯಲ್ಲಿ ತೀರ ಬೇಗ ಬಿತ್ತಿದರೆ ಹೆಸ್ಸಿಯನ್ ಎಂಬ ನೊಣ ಮೊಟ್ಟೆಯಿಡುತ್ತದೆ. ಹಾಗಾಗಿ ಇಂಥ ತಾರೀಖು ದಾಟಿದ ಮೇಲೆಯೇ ಬಿತ್ತಬೇಕೆಂಬ ಗೊತ್ತು ಊರೂರಿಗೆ ಬೇರೆ ಬೇರೆ ಇದೆ. ಜೂನ್‌ನಲ್ಲಿ ಗೋಧಿ ಕೊಯ್ಯುವ ಯಂತ್ರ ಗದ್ದೆಯ ಒಂದು ತುದಿಯಲ್ಲಿರುವಾಗಲೇ ಇನ್ನೊಂದು ತುದಿಯಲ್ಲಿ ಸೋಯಾ ಬಿತ್ತುವ ಯಂತ್ರ ಕೂಳೆಯ ನಡುವೆ ಓಡುತ್ತಿರುತ್ತದೆ. ಉಳುಮೆ ಇಲ್ಲ. ಕೆಂಟಕಿಯ ಹರ್ಂಡನ್ ಎಂಬಲ್ಲಿ ಹ್ಯಾರಿ ಯಂಗ್ ಎಂಬ ರೈತರು 1962ರಲ್ಲಿ ಒಂದು ಎಕರೆಗೂ ಕಡಿಮೆಯ ತುಂಡಿನಲ್ಲಿ ಉಳದೆ ಬಿತ್ತಿ ನೋಡಿದರು. ಅಲ್ಲಿಂದ ಮುಂದೆ ಆ ಸೀಮೆಯಲ್ಲಿ ಗೋಧಿಯ ಹಿಂದೆ ಸೋಯಾ ಹಾಕುವುದು ಸಲೀಸಾಯಿತು. ತಡವಾಗಿ ಬಿತ್ತಿದ ಗಿಡ ಕವಲೊಡೆಯುವುದಿಲ್ಲವೆಂದು ಸಾಲು ಹತ್ತಿರ ಮಾಡಿ, ಬೀಜ ಹೆಚ್ಚಿಸುತ್ತಾರೆ. ಒಂದು ದಿನ ತಡವಾದರೆ ಇಳುವರಿ ಇಷ್ಟು ಕಡಿಮೆ ಎಂದು ಅಲ್ಲಿನ ರೈತ ಬೆರಳೆಣಿಸಿ ಹೇಳುತ್ತಾನೆ. ಶಿರ್ತಾಡಿಯ ತಾಯಿ ಮಣ್ಣಿನುಂಡೆ ಬಿಟ್ಟು ಹೇಳಿದ್ದೂ ಅದನ್ನೇ.

ಉಳದೆ ಬಿತ್ತುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಕೃಷ್ಣಾ, ಗೋದಾವರಿ, ಕಾವೇರಿಯ ಮುಖಜ ಭೂಮಿಗಳಲ್ಲಿ ಭತ್ತ ನಿಂತಿರುವಾಗಲೇ, ಕೊಯ್ಲಿಗೆ ವಾರ ಹತ್ತು ದಿನ ಮೊದಲು, ಬುಡದ ಕೆಸರಿಗೆ ಉದ್ದು ಚೆಲ್ಲುತ್ತಾರೆ. ಭತ್ತ ಕೊಯ್ಯುವಾಗ ಉದ್ದು ಎರಡೆಲೆ ಬಿಟ್ಟಿರುತ್ತದೆ. ನಡುವಿನ ದಿನಗಳೇ ಇಲ್ಲ! ಬೈಲಿನ ಒಂದು ಗದ್ದೆಯಲ್ಲಿ ಗೆಳೆಯ ಹೋದ ವರ್ಷ ಇದನ್ನು ಮಾಡಿ ನೋಡಿದ್ದ. ಮೊಳಕೆ ಚೆನ್ನಾಗಿ ಬಂದಿತ್ತಂತೆ. ಆದರೆ ಕಟಾವು ಯಂತ್ರ ಪಟ್ಟಿಗಾಲಿನಿಂದ ತಿರುಗಿ ಓಡಾಡಿದ ಜಾಗದಲ್ಲೆಲ್ಲ ಎಳೆ ಗಿಡ ನೆಲಕ್ಕೆ ಅಂಟಿಹೋಯಿತು, ನೆಲವೂ ಅದುಮಿ ಕಲ್ಲಾಯಿತು. ಕತ್ತಿಯಲ್ಲಿ ಕೊಯ್ಯುವ ಕಾಲದ ಜಾಣತನ ಅದು. ಈಗ ಕತ್ತಿ ಹಿಡಿಯುವವರು ಇಡೀ ಊರಿಗೆ ಬೆರಳೆಣಿಕೆ. ಯಂತ್ರ ಬೇಡ ಎನ್ನುವ ಹಾಗಿಲ್ಲ, ಯಂತ್ರವಿಲ್ಲದಿದ್ದರೆ ಏಣೇಲೇ ಇಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಯಂತ್ರಶ್ರೀಯಂಥ ಕೆಲಸಗಳಿಂದ ನೇಜಿ ನೆಡುವ ಯಂತ್ರ ಗದ್ದೆಗೆ ಬಂದು, ಬೀಳುಬಿದ್ದ ಎಷ್ಟೋ ಗದ್ದೆ ಹಸಿರಾದದ್ದು ನಿಜ. 2021ರಲ್ಲಿ ಉಡುಪಿಯ ಕಡೆ ಹಡಿಲು ಬಿದ್ದ ಗದ್ದೆಗಳನ್ನು ಜನ ಸೇರಿ ಸಾಗುವಳಿ ಮಾಡಿದ್ದೂ ಯಂತ್ರದ ಬಲದಿಂದಲೇ. ಆದರೆ ಒಂದು ಊರಿಗೆ ಒಂದೇ ಯಂತ್ರ ಬಂದು ಸಾಲಾಗಿ ಕೊಯ್ಯುವಾಗ, ಕೊನೆಯ ಗದ್ದೆಯವನ ತೇವ ಹಾರಿಯೇ ಹೋಗಿರುತ್ತದೆ. ನಮ್ಮ ಹೊಲದ ಹನ್ನೆರಡು ದಿನ ನೆನಪಾಗಿ ನಾನು ಸುಮ್ಮನಾದೆ.

ಆಕೆ ಇನ್ನೊಂದು ಮಾತು ಹೇಳಿದರು, ನನಗೆ ಹೊಳೆಯದೇ ಇದ್ದದ್ದು. ಉರ್ದು ಒಬ್ಬರೇ ಬಿತ್ತುವ ಬೆಳೆ ಅಲ್ಲ. ಮೊದಲು ಇಡೀ ಬೈಲು ಒಂದೇ ವಾರದಲ್ಲಿ ಬಿತ್ತುತ್ತಿತ್ತು. ಎಲ್ಲರದೂ ಬೆಳೆ ಇದ್ದಾಗ ಎಲ್ಲರೂ ದನ ಕಟ್ಟುತ್ತಿದ್ದರು. ಈಗ ನಡುವೆ ಎರಡು ಗದ್ದೆ ಅಡಿಕೆಯಾದವು, ಒಂದು ಮನೆಯವರು ಮುಂಬೈ, ಒಂದು ಹಡಿಲು. ಉಳಿದ ಒಂದೆರಡು ಗದ್ದೆಯ ಉದ್ದಿಗೆ ಬೈಲಿನ ನವಿಲು ಪೂರ್ತಿ ಬಂದು ಇಳಿಯುತ್ತದೆ. ಹತ್ತು ಗದ್ದೆ ಇದ್ದಾಗ ಹತ್ತು ಪಾಲಾಗುತ್ತಿದ್ದ ನಷ್ಟ ಈಗ ಒಬ್ಬರ ತಲೆ ಮೇಲೆ. 1974ರ ಭೂಸುಧಾರಣೆಯಲ್ಲಿ ಗೇಣಿಯ ಗದ್ದೆ ಸ್ವಂತದ್ದಾದಾಗ ಅವರ ಮಾವ ಈ ಬೈಲಿನಲ್ಲಿ ನಿಂತು ಅತ್ತಿದ್ದರಂತೆ. ಅದನ್ನು ತೋಟ ಮಾಡಲು ಆಕೆಗೆ ಮನಸ್ಸಿಲ್ಲ. ಅಡಿಕೆಗೆ ದರ ಇದೆ, ಉದ್ದಿಗೆ ಅಷ್ಟಿಲ್ಲ, ಅದು ಆಕೆಗೂ ಗೊತ್ತು. ಅಂಗಡಿಯಲ್ಲಿ ಸಿಗುವ ಉದ್ದಿನಬೇಳೆಯಲ್ಲಿ ಮ್ಯಾನ್ಮಾರ್‌ನಿಂದ ಹಡಗಿನಲ್ಲಿ ಬಂದದ್ದೇ ಬೇಕಾದಷ್ಟಿದೆ ಎಂದು ಗೆಳೆಯ ಹೇಳಿದಾಗ ಆಕೆಯ ಮುಖ ಸಣ್ಣದಾಯಿತು. ಇಡ್ಲಿ ದೋಸೆಯ ಸೀಮೆ ಇದು. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವ ಮನೆಗಳು ಇವು. ಆ ಹಿಟ್ಟು ಉಬ್ಬಿಸುವ ಕಾಳು ಮನೆ ಮುಂದಿನ ಗದ್ದೆಯಲ್ಲಿ, ಒಂದು ಹನಿ ನೀರು ಕೇಳದೆ, ಬೆಳೆಯಲು ಸಿದ್ಧವಿದೆ. ಅದಕ್ಕೆ ಬೇಕಾದ್ದು ಮೂರು ದಿನದ ಗಮನ. ಆ ಮೂರು ದಿನ ಒದಗಿಸಿ ಕೊಡುವ ಏರ್ಪಾಡು, ಅಂದರೆ ಬೇಗ ಬರುವ ಭತ್ತದ ಬೀಜ, ಸಮಯಕ್ಕೆ ಯಂತ್ರ, ಊರಿಗೆಲ್ಲ ಒಂದು ಬಿತ್ತನೆ ವಾರ, ಇಷ್ಟನ್ನು ನಾವು ಮಾಡಲಾರದೆ ಹೋದೆವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಫೆಬ್ರವರಿ ಎರಡನೇ ವಾರ ಮತ್ತೆ ಶಿರ್ತಾಡಿಗೆ ಹೋದೆ. ಬೈಲಿನ ಉದ್ದಿಗೆ ಎಪ್ಪತ್ತು ದಿನ ತುಂಬಿತ್ತು. ನಡುವೆ ಗೆಳೆಯ ಫೋನಿನಲ್ಲಿ ಸುದ್ದಿ ಕೊಡುತ್ತಿದ್ದ. ಮೂವತ್ತೆಂಟನೇ ದಿನ ಹೂ ಬಂತು. ಹೂವಿಗೊಮ್ಮೆ, ಕಾಯಿಗೊಮ್ಮೆ ಶೇಕಡಾ 2ರ ಡಿಎಪಿ ದ್ರಾವಣ ಎಲೆಗೆ ಸಿಂಪಡಿಸಿದ. ಒಣಗುವ ಮಣ್ಣಿನಿಂದ ಬೇರು ಎತ್ತಲಾರದ್ದನ್ನು ಎಲೆ ಕುಡಿಯಲಿ ಎಂದು. ಒಂದೆರಡು ಕಡೆ ಹಳದಿ ನಂಜು ಕಂಡಿತು. ಬಿಳಿನೊಣ ಹರಡುವ ರೋಗ ಅದು, ಕಂಡ ಗಿಡ ಕಿತ್ತು ಹೂಳುವುದೇ ಮದ್ದು. ಮಜಲಿನ ಉದ್ದಿಗೆ ಜನವರಿಯ ತಂಪಿನಲ್ಲಿ ಬೂದಿರೋಗ ಸ್ವಲ್ಪ ಬಂದಿತ್ತು, ಆದರೂ ಕಾಯಿ ತುಂಬಿ ಮನೆ ಸೇರಿತ್ತು. ನವಿಲಿಗಾಗಿ ತಾಯಿ ಹಳೆಯ ಸೀರೆಗಳನ್ನು ಗದ್ದೆಯ ಸುತ್ತ ಕಟ್ಟಿದ್ದರು. ನಾನು ಹೋದಾಗ ಒಂದು ಹಸಿರು ಸೀರೆ, ಒಂದು ಕೆಂಪು, ಬೈಲಿನ ಗಾಳಿಗೆ ತುಂಬಿಕೊಂಡು ಅಲುಗುತ್ತಿದ್ದವು. ಒಳಗೆ ಉದ್ದಿನ ಕಾಯಿ ಮುಕ್ಕಾಲುಪಾಲು ಕಪ್ಪಾಗಿತ್ತು.

"ನಾಳೆ ಬೆಳಗ್ಗೆ ಕೀಳುವುದಾ?" ಎಂದೆ.

"ಇಲ್ಲ, ಕೆಡ್ಡಸ," ಎಂದರು.

ತುಳುವರ ಪುಯಿಂತೆಲ್ ತಿಂಗಳ ಕೊನೆಯ ಮೂರು ದಿನ ಕೆಡ್ಡಸ. ಭೂಮಿ ತಾಯಿ ಮುಟ್ಟಾಗುವ ದಿನಗಳು. ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಕುಚ್ಚಲಕ್ಕಿ ಹುರಿದು ಪುಡಿ ಮಾಡಿ ಬೆಲ್ಲ, ಕಾಯಿತುರಿ, ತುಪ್ಪ ಕಲಸಿದ ನನ್ಯರಿ ಮಾಡುತ್ತಾರೆ. ಹುರಿದ ಕಾಳುಗಳೂ ಇರುತ್ತವೆ. ಕೊನೆಯ ದಿನ ಹೆಂಗಸರು ತುಳಸಿಕಟ್ಟೆಯ ಹತ್ತಿರ ನೆಲಕ್ಕೆ ಎಣ್ಣೆ ಬಿಟ್ಟು, ಅರಸಿನ ಕುಂಕುಮ ಇಟ್ಟು ಭೂಮಿಗೆ ಮೀಯಲು ಹೇಳುತ್ತಾರೆ. ಮೂರು ದಿನ ತಡೆದರೆ ಒಣಗಿದ ಕಾಯಿ ಸಿಡಿದು ಕಾಳು ಚೆಲ್ಲುವುದಿಲ್ಲವೇ ಎಂದು ನಾನು ಕೇಳಿದೆ. ಕೆಲವು ಸಿಡಿಯುತ್ತವೆ ಎಂದರು. ಅಷ್ಟು ಭೂಮಿತಾಯಿಗೆ. ಡಿಸೆಂಬರ್‌ನಲ್ಲಿ ಒಂದು ದಿನವೂ ಕಾಯಲೊಲ್ಲದ ಹೆಂಗಸು ಫೆಬ್ರವರಿಯಲ್ಲಿ ಮೂರು ದಿನ ನೆಮ್ಮದಿಯಿಂದ ಕಾದರು. ಯಾವ ದಿನ ಕೈಬಿಡಬಾರದು, ಯಾವ ದಿನ ಬಿಟ್ಟರೂ ನಡೆಯುತ್ತದೆ ಎಂದು ಗೊತ್ತಿದ್ದವರ ನೆಮ್ಮದಿ ಅದು. ಆ ಮೂರು ದಿನ ಅವರು ಅಂಗಳ ಗುಡಿಸಿ, ಸೆಗಣಿಗೆ ಮಸಿ ಕಲಸಿ ಸಾರಿಸಿದರು. ನೆಲ ಕಪ್ಪು ಕನ್ನಡಿಯಾಯಿತು.

ನಾಲ್ಕನೇ ದಿನ ಬೆಳಕು ಹರಿಯುವ ಮೊದಲೇ ಗದ್ದೆಯಲ್ಲಿದ್ದೆವು. ಇಬ್ಬನಿಗೆ ಕಾಯಿ ಮೆತ್ತಗಾಗಿರುವಾಗಲೇ ಕಿತ್ತರೆ ಸಿಡಿಯುವುದಿಲ್ಲ. ಬಿಸಿಲೇರಿದರೆ ಮುಟ್ಟಿದಲ್ಲೆಲ್ಲ ಟಪ್ ಎಂದು ಒಡೆಯುತ್ತದೆ. ಆಕೆ ಬಗ್ಗಿ ಬುಡಸಮೇತ ಕೀಳಲು ಶುರು ಮಾಡಿದರು. ನಾನು ಪಕ್ಕದಲ್ಲಿ ಕತ್ತಿ ಹಿಡಿದು ನೆಲಮಟ್ಟಕ್ಕೆ ಕೊಯ್ಯತೊಡಗಿದೆ. ಯಾಕೆ ಹಾಗೆ ಎಂದು ಕೇಳಿದರು. ಬೇರು ಗದ್ದೆಯಲ್ಲೇ ಉಳಿಯಲಿ, ಅದೂ ಗೊಬ್ಬರ, ಅದರ ತೂತಿನಲ್ಲಿ ಮುಂದಿನ ಮಳೆ ಇಳಿಯಲಿ, ಎಂದೆ. ಆಕೆ ತಾವು ಕಿತ್ತ ಗಿಡದ ಬೇರು ತಿರುಗಿಸಿ ನೋಡಿದರು. ಡಿಸೆಂಬರ್‌ನಲ್ಲಿ ಮಜಲಿನ ಗಿಡದಲ್ಲಿ ಕೆಂಪಾಗಿ ಕಂಡಂಥ ಗಂಟುಗಳು ಇಲ್ಲಿ ಈಗ ಕಂದಾಗಿ, ಒಣಗಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿದ್ದವು. ದುಡಿದು ಮುಗಿಸಿದ್ದವು. ಸ್ವಲ್ಪ ಹೊತ್ತು ಹಾಗೇ ನಿಂತು ಮಗನನ್ನು ಕರೆದು, ಮನೆಯಿಂದ ಇನ್ನೊಂದು ಕತ್ತಿ ತರಲು ಹೇಳಿದರು.

ಗದ್ದೆಯ ಪಡುವಣ ಅರ್ಧ ಕಿತ್ತದ್ದು, ಮೂಡಣ ಅರ್ಧ ಕೊಯ್ದದ್ದು. ನಡುವೆ ಗೆಳೆಯ ಒಂದು ಕೋಲು ನೆಟ್ಟ, ಬರುವ ಏಣೇಲಿನ ನೇಜಿ ಎರಡೂ ಕಡೆ ಹೇಗೆ ಬರುತ್ತದೆ ನೋಡಲು.